ದಾದಿ ಕಟ್ಟಿಸಿದ ಮಸೀದಿ

ಮಾರ್ಚ್ 8, 2014, ಶನಿವಾರ

ಇವತ್ತು ನನ್ನ ಕಲ್ಲಿನ ಅಂಗಡಿಯಲ್ಲಿ ಇಬ್ಬರು ಹೆಂಗಸರ ನಡುವೆ ಒಂದು ವಾದ ನಡೆಯಿತು. ಅದರ ತೀರ್ಪು ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಗೆಳೆಯ ಭಾಸ್ಕರನ ಮಗಳು ದಿಯಾ ಆಸ್ಟಿನ್‌ನಿಂದ ಬಂದವಳು ತನ್ನ ಪ್ರೊಫೆಸರನ್ನು ಕರೆತಂದಿದ್ದಳು. ನೆರ್ಮಿನ್ ಮೇಡಂ ಇಸ್ತಾಂಬುಲ್‌ನವರು. ಆಸ್ಟಿನ್‌ನಲ್ಲಿ ಹಳೆಯ ಕಟ್ಟಡಗಳ ಚರಿತ್ರೆ ಕಲಿಸಿ ನಿವೃತ್ತರಾದ ಮೇಲೆ ಇಲ್ಲೇ ನನ್ನ ಅಂಗಡಿಯ ಹತ್ತಿರ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಒಬ್ಬರೇ ಇದ್ದಾರೆ. ದಿಯಾ ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿ. ಮೇಡಂಗೆ ಕಣ್ಣು ಹೋಗುತ್ತಿದೆ. ನಡುವೆ ಕಪ್ಪು, ಅಂಚಿನಲ್ಲಷ್ಟೇ ಬೆಳಕು. ಕಲ್ಲು ಮುಟ್ಟಬೇಕೆನಿಸಿತು, ಅದಕ್ಕೇ ಬಂದೆ ಎಂದರು. ಹಿಂದಿನ ಗೋದಾಮಿಗೆ ಕರೆದೊಯ್ದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಮೇಲೆ ಅಂಗೈ ಇಟ್ಟು, "ಇದು ನಿಮ್ಮೂರಿನದು, ಅಲ್ಲವೇ?" ಎಂದರು. ದಿಯಾ ಹೇಳಿರಬೇಕು. ಆದರೂ ಹಿಗ್ಗಿದೆ.

ಅವರ ವಾದ ಇಸ್ತಾಂಬುಲ್‌ನ ಒಂದು ಸಣ್ಣ ಮಸೀದಿಯ ಮೇಲೆ. ಗುಲ್ನಿಹಾಲ್ ಹಾತುನ್ ಮಸೀದಿ. ನಾನೂರೈವತ್ತು ವರ್ಷಗಳ ಹಿಂದೆ ಸುಲ್ತಾನನ ಮಗನಿಗೆ ಹಾಲೂಡಿಸಿದ ದಾದಿಯೊಬ್ಬಳು ಕಟ್ಟಿಸಿದ್ದು. ಗುಡ್ಡದ ಇಳಿಜಾರಿನಲ್ಲಿ ಕೆಳಗೆ ಅಂಗಡಿಗಳು, ಅಂಗಡಿಗಳ ನಡುವೆ ಮೆಟ್ಟಿಲು, ಮೇಲೆ ಹತ್ತು ಕಂಬಗಳ ಅಂಗಳ, ಅದರಾಚೆ ಗುಮ್ಮಟ. ಹತ್ತು ಕಂಬಗಳೂ ದಾದಿಯ ಕಾಲದಲ್ಲೇ ಒಟ್ಟಿಗೆ ನಿಂತವು ಎಂದು ಮೇಡಂ ಹಿಂದೆಯೇ ಒಂದು ಪುಸ್ತಕದಲ್ಲಿ ಬರೆದಿದ್ದಾರೆ. ದಿಯಾ ಒಪ್ಪುವುದಿಲ್ಲ. ಎಂಟು ಮಾತ್ರ ದಾದಿಯವು, ಎಡಬದಿಯ ಎರಡು ಕಂಬಗಳನ್ನು 1766ರ ಭೂಕಂಪದ ನಂತರ ನಿಲ್ಲಿಸಿ ಹಿಂದೆ ಗೋಡೆ ಕಟ್ಟಿದ್ದಾರೆ ಎನ್ನುತ್ತಾಳೆ. ಅದಕ್ಕೂ ಮೊದಲು ಆ ಬದಿ ಓಣಿಗೆ ತೆರೆದೇ ಇತ್ತಂತೆ. ಕೂಸು ಎತ್ತಿಕೊಂಡ ಹೆಂಗಸರು ದೊಡ್ಡ ಬಾಗಿಲು ದಾಟದೆ ನೇರವಾಗಿ ಅಂಗಳದ ಕಾರಂಜಿಗೆ ಬಂದು ನೀರು ಕುಡಿಯಲಿ ಎಂದು ದಾದಿಯೇ ಹಾಗೆ ಬಿಡಿಸಿದ್ದಳಂತೆ. ದಿಯಾಳ ಪ್ರಬಂಧವೆಲ್ಲ ನಿಂತಿರುವುದು ಇದರ ಮೇಲೆ.

ತೀರ್ಮಾನ ಆಗಬೇಕಾದರೆ ಆ ಎರಡು ಕಂಬ ಯಾವ ಕಲ್ಲಿನವು ಎಂದು ತಿಳಿಯಬೇಕು. ಉಳಿದ ಎಂಟರ ಕಲ್ಲೇ ಆದರೆ ಮೇಡಂ ಹೇಳಿದ್ದು ಸರಿ, ಬೇರೆಯಾದರೆ ದಿಯಾ ಹೇಳಿದ್ದು. ಇಷ್ಟು ಕಾಲ ಎಲ್ಲದಕ್ಕೂ ದಪ್ಪ ಸುಣ್ಣ ಬಳಿದಿತ್ತು. ಹೋದ ವರ್ಷ ದಿಯಾ ಹೋದಾಗ ದುರಸ್ತಿಗೆಂದು ಅಂಗಳವನ್ನೇ ಮುಚ್ಚಿದ್ದರು. ಈಗ ಸುಣ್ಣ ಕಿತ್ತು, ಬಾಗಿಲು ತೆರೆದಿದ್ದಾರೆ.

"ಯಾರಿಂದಾದರೂ ಫೋಟೋ ತರಿಸಿದರೆ ಸಾಲದೇ?" ಎಂದೆ.

"ಫೋಟೋದಲ್ಲಿ ಬಿಳಿ ಕಲ್ಲೆಲ್ಲ ಒಂದೇ," ಎಂದರು ಮೇಡಂ. "ಮರ್ಮರಾ ದ್ವೀಪದ ಕಲ್ಲೋ, ಅಫ್ಯೋನ್ ಊರಿನ ಕಲ್ಲೋ ಎಂದು ಹೇಳಲು ಕಲ್ಲಿನವರೇ ಬೇಕು."

ದಿಯಾ ನನ್ನ ಕಡೆ ತಿರುಗಿದಳು. "ಅಂಕಲ್, ಯು ಗೋ ಎವ್ರಿ ಮಾರ್ಚ್, ರೈಟ್?"

ಹೌದು, ಪ್ರತಿ ಮಾರ್ಚ್‌ನಲ್ಲಿ ಟರ್ಕಿಯ ಇಜ್ಮಿರ್‌ನ ಕಲ್ಲಿನ ಮೇಳಕ್ಕೆ ಹೋಗುತ್ತೇನೆ. ಬರುವಾಗ ಇಸ್ತಾಂಬುಲ್‌ನಲ್ಲಿ ಒಂದು ದಿನ ಬಿಡುವಿರುತ್ತದೆ. ಇಬ್ಬರೂ ನನ್ನ ಮಾತೇ ಕೊನೆ ಎಂದು ಒಪ್ಪಿ ಕೈ ಕುಲುಕಿದರು. ಇಷ್ಟು ಓದಿದವರು ನನ್ನನ್ನು ನಡುವೆ ನಿಲ್ಲಿಸಿದ್ದು ಹೆಮ್ಮೆ ಎನಿಸಿತು.

ಸಂಜೆ ದೇವಸ್ಥಾನದ ಕಮಿಟಿ ಸಭೆ. ಹೊಸ ಮಂಟಪದ ನೆಲಕ್ಕೆ ಕಲ್ಲು ನನ್ನದೇ. ವಿಷಯ ಹೇಳಿದರೆ ಶ್ರೀಕಂಠಯ್ಯನವರು, "ಅಲ್ಲೇ ನಮಾಜು ಕಲ್ತ್ಬಿಟ್ಟು ಬಂದ್ಬಿಡ್ಬೇಡಿ ಚಿದಾನಂದ್," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾರ್ಚ್ 30, ಭಾನುವಾರ, ಇಸ್ತಾಂಬುಲ್

ಬೆಳಿಗ್ಗೆಯಿಂದ ಮಳೆ. ಇವತ್ತು ಇಲ್ಲಿ ಚುನಾವಣೆ ಬೇರೆ, ಬೀದಿ ತುಂಬ ಪಕ್ಷಗಳ ಬಾವುಟ. ಮಸೀದಿಗೆ ಹೋಗಲಾಗಲಿಲ್ಲ. ಮೇಡಂಗೆ ಹೇಳಿದರಾಯಿತು, ಮುಂದಿನ ವರ್ಷ ನೋಡುತ್ತೇನೆಂದು. ನಾಳೆ ವಿಮಾನ.

ಏಪ್ರಿಲ್ 5, ಶನಿವಾರ

ಹೋಗಲಾಗಲಿಲ್ಲ ಎಂದು ಹೇಳಲೆಂದೇ ಮೇಡಂ ಮನೆಗೆ ಹೋದೆ. ಇದನ್ನು ಇಲ್ಲಾದರೂ ಸ್ಪಷ್ಟವಾಗಿ ಬರೆದಿಡುತ್ತೇನೆ.

ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಸಣ್ಣ ಗಾಜಿನ ಲೋಟದಲ್ಲಿ ಚಹಾ ಮಾಡಿಟ್ಟಿದ್ದರು. ನಾನು ಕೂರುವ ಮೊದಲೇ ಕೇಳಿದರು.

"ಒಂದೇ ಕಲ್ಲು, ಅಲ್ಲವೇ?"

ಅದು ಪ್ರಶ್ನೆಯ ಹಾಗೆ ಇರಲಿಲ್ಲ. ಅವರು ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕಣ್ಣಿನ ಅಂಚಿನಿಂದ ನನ್ನನ್ನು ಹುಡುಕುತ್ತಿದ್ದರು. ನನ್ನ ಬಾಯಿಂದ "ಹೌದು" ಎಂದು ಬಂತು. ಒಂದು ಬಂದ ಮೇಲೆ ಉಳಿದದ್ದೂ ಬಂತು. ಹತ್ತೂ ಮರ್ಮರಾ, ದಪ್ಪ ಹರಳು, ಬೂದು ಪಟ್ಟೆ, ಯಾವುದೂ ಬೇರೆ ಅಲ್ಲ. ಕಲ್ಲಿನ ವಿಷಯದಲ್ಲಿ ನಾನು ಯಾವತ್ತೂ ಗಿರಾಕಿಗೆ ಸುಳ್ಳು ಹೇಳಿದವನಲ್ಲ. ಇವತ್ತು ಅದನ್ನು ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಹೇಳುತ್ತಿರುವಾಗ ಆ ಕಂಬಗಳು ನನಗೇ ಕಂಡವು.

ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡರು. "ಕಾರಂಜಿಯಲ್ಲಿ ನೀರಿತ್ತೇ?"

"ಇತ್ತು," ಎಂದೆ.

ಏಪ್ರಿಲ್ 12, ಶನಿವಾರ

ದಿಯಾಳ ಫೋನು. "ಫೋಟೋಸ್ ಇದ್ಯಾ ಅಂಕಲ್? ಜಸ್ಟ್ ಫಾರ್ ಮಿ." ಫೋನು ಮಳೆಗೆ ನೆನೆದು ಎಲ್ಲ ಹೋಯಿತು ಎಂದೆ. "ಇಟ್ಸ್ ಓಕೆ. ನೀವು ನೋಡಿದ್ದೀರಲ್ಲ," ಎಂದಳು.

ಏಪ್ರಿಲ್ 26, ಶನಿವಾರ

ಈಗ ಶನಿವಾರ ಮಧ್ಯಾಹ್ನ ಮೇಡಂಗೆ ಪುಸ್ತಕ ಓದಿ ಹೇಳಲು ಹೋಗುತ್ತಿದ್ದೇನೆ. ಜೂನ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಅವರ ಭಾಷಣವಿದೆ, ತಮ್ಮ ಹಳೆಯ ಪುಸ್ತಕವನ್ನು ಇನ್ನೊಮ್ಮೆ ಕೇಳಬೇಕಂತೆ. ಓದುವವರಿಲ್ಲ ಎಂದು ದಿಯಾ ಹೇಳಿದ್ದಳು, ಒಪ್ಪಿಕೊಂಡೆ. ಹೆಂಡತಿ ವಾಣಿಶ್ರೀಗೆ ಆಶ್ಚರ್ಯ. "ನೀವು ಪೇಪರ್ ಸೈತ ಪೂರಾ ಓದಂಗಿಲ್ಲ," ಎಂದಳು.

ಓದುತ್ತ ಹೋದರೆ ಕಟ್ಟಡ ನಿಧಾನವಾಗಿ ಮೇಲೇಳುತ್ತದೆ. ಮೊದಲು ಅಂಗಡಿಗಳು. ಅವುಗಳ ಬಾಡಿಗೆಯಿಂದ ಮಸೀದಿಯ ದೀಪದ ಎಣ್ಣೆ, ಓಣಿಯ ತಬ್ಬಲಿ ಮಕ್ಕಳಿಗೆ ಗಂಜಿ. ಆಮೇಲೆ ಗೋಡೆ. ಕಲ್ಲಿಗೂ ಕಲ್ಲಿಗೂ ನಡುವೆ ಕಬ್ಬಿಣದ ಕೊಂಡಿ ಇಟ್ಟು ಕರಗಿದ ಸೀಸ ಹೊಯ್ದಿದ್ದಾರೆ. ಭೂಮಿ ನಡುಗಿದಾಗ ಸೀಸ ಸ್ವಲ್ಪ ಬಗ್ಗಿಕೊಡುತ್ತದೆ, ಕಲ್ಲು ಒಡೆಯುವುದಿಲ್ಲ. ಗುಮ್ಮಟ ನಿಂತಿರುವುದು ಆರು ಆಸರೆಗಳ ಮೇಲೆ. ಗುಮ್ಮಟದ ಗಾರೆಯೊಳಗೆ ಬಾಯಿ ತೆರೆದ ಮಡಕೆಗಳನ್ನು ಹುದುಗಿಸಿದ್ದಾರೆ, ಓದುವವನ ದನಿ ಎಲ್ಲರಿಗೂ ಸಮನಾಗಿ ಕೇಳಿಸಲೆಂದು.

"ನಿಮ್ಮ ಕಡೆಯೂ ದೊಡ್ಡ ಗುಮ್ಮಟವಿದೆಯಲ್ಲ," ಎಂದರು ಮೇಡಂ.

ಗೋಲಗುಮ್ಮಟದ ಬಗ್ಗೆ ಕೇಳಿದರು. ಅದರ ತೂಕವನ್ನು ಹೇಗೆ ಕೆಳಗಿಳಿಸಿದ್ದಾರೆ, ಕಮಾನುಗಳು ಹೇಗೆ ಒಂದನ್ನೊಂದು ಹಾಯುತ್ತವೆ ಎಂದು. ನನಗೆ ಗೊತ್ತಿರಲಿಲ್ಲ. ಶಾಲೆಯಿಂದ ಪ್ರವಾಸ ಹೋಗಿ ಮೇಲೆ ನಿಂತು ಕೂಗಿದ್ದು ಮಾತ್ರ ನೆನಪಿದೆ. ಹಾಗೆಂದೇ ಹೇಳಿದೆ. ಗೊತ್ತಿಲ್ಲ ಎನ್ನುವುದು ಇಷ್ಟು ಸುಲಭವಿದ್ದಾಗ ಅವತ್ತೇಕೆ ಹೇಳಲಿಲ್ಲ ಎಂದು ಬರುವಾಗ ಕಾರಿನಲ್ಲಿ ಯೋಚಿಸಿದೆ.

ಮೇ 10, ಶನಿವಾರ, ಆಸ್ಟಿನ್

ಭಾಸ್ಕರನ ಮನೆಗೆ ಗೃಹಪ್ರವೇಶಕ್ಕೆ ಬಂದಿದ್ದೇವೆ. ಹೊಸ ಮನೆಯ ಅಡುಗೆಕಟ್ಟೆ ನನ್ನದೇ ಕಲ್ಲು, ಎಲ್ಲರೂ ಸವರಿ ನೋಡಿದರು.

ಊಟಕ್ಕೆ ಮೊದಲು ಭಾಸ್ಕರ ನನ್ನನ್ನು ಹಿತ್ತಿಲಿಗೆ ಕರೆದ. ಚಿಪ್ ಕಂಪನಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು, ಮಗಳು ಹಳೆಯ ಮಸೀದಿಗಳನ್ನು ಅಳೆಯುವುದು ಅವನಿಗೆ ಎಂದೂ ಹಿಡಿಸಿರಲಿಲ್ಲ.

"ಅವಳ ಚಾಪ್ಟರ್ ಬಿದ್ದೋಯ್ತಂತೆ ಗೊತ್ತಾ?" ಎಂದ. "ಆ ಎರಡು ಕಂಬದ ವಿಷಯ. ಪ್ರೊಫೆಸರ್ ತೆಗೆದುಬಿಡು ಅಂದ್ರಂತೆ. ಅದು ತೆಗೆದ್ರೆ ಏನೂ ಉಳಿಯಲ್ವಂತೆ. ಬಿಡ್ತೀನಿ ಅಂತಿದ್ದಾಳೆ."

"ಬಿಡೂದು ಯಾಕ? ಬ್ಯಾರೆ ಏನರ ಬರೀಬಹುದಲ್ಲ."

"ಬಿಡ್ಲಿ ಮಾರಾಯ. ಐದು ವರ್ಷ ಆಯ್ತು. ನಾವು ಹೇಳಿದ್ರೆ ಕೇಳ್ತಿರ್ಲಿಲ್ಲ. ನೀನು ಹೋಗಿ ನೋಡ್ಕೊಂಡು ಬಂದಿದ್ದು ಒಳ್ಳೇದಾಯ್ತು." ನನ್ನ ಹೆಗಲ ಮೇಲೆ ಕೈ ಹಾಕಿದ. "ಅವಳಮ್ಮ ಕೂಡ ಅದೇ ಅಂತಿದ್ಲು. ಥ್ಯಾಂಕ್ಸ್ ಕಣೋ."

ಒಳಗೆ ದಿಯಾ ಬಡಿಸುತ್ತಿದ್ದಳು. ನನ್ನ ಎಲೆಗೆ ಹೋಳಿಗೆ ಹಾಕುವಾಗ, "ಅಂಕಲ್, ಡೋಂಟ್ ಫೀಲ್ ಬ್ಯಾಡ್. ನೀವು ನೋಡಿದ್ದನ್ನ ಹೇಳಿದ್ದೀರ ಅಷ್ಟೇ," ಎಂದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

ಮೇ 11, ಭಾನುವಾರ

ಅವತ್ತು ಇಸ್ತಾಂಬುಲ್‌ನಲ್ಲಿ ಮಳೆ ಹನ್ನೊಂದು ಗಂಟೆಗೆ ನಿಂತಿತ್ತು.

ಮೇ 31, ಶನಿವಾರ

ಕಮಿಟಿ ಸಭೆಗೆ ಹೋಗಲಿಲ್ಲ. ಶ್ರೀಕಂಠಯ್ಯನವರು ಫೋನ್ ಮಾಡಿದ್ದರು. ಕೆಲಸವಿದೆ ಎಂದೆ. ಕೆಲಸವೆಂದರೆ ಮೇಡಂ ಮನೆಯಲ್ಲಿ ಆರನೆಯ ಅಧ್ಯಾಯ.

ಆ ದಾದಿಗೆ ಸ್ವಂತ ಮಕ್ಕಳಿದ್ದರೇ ಎಂದು ಮೇಡಂಗೆ ಕೇಳಿದೆ. ಒಂದು ಹೆಣ್ಣು ಕೂಸು ಇತ್ತು, ಅರಮನೆಗೆ ಬಂದ ವರ್ಷವೇ ತೀರಿಕೊಂಡಿತು ಎಂದರು. ಮನೆಗೆ ಬಂದು ಇದನ್ನು ವಾಣಿಶ್ರೀಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದಳು. ಆಮೇಲೆ ಗುಮ್ಮಟದ ಮಡಕೆಗಳ ವಿಷಯವನ್ನೂ, ದೀಪಗಳ ನಡುವೆ ಜೇಡ ಬಾರದಿರಲೆಂದು ಉಷ್ಟ್ರಪಕ್ಷಿಯ ಮೊಟ್ಟೆ ತೂಗುಹಾಕುವುದನ್ನೂ ಹೇಳಿದೆ.

"ಅಲ್ಲೆ ಹೋದಾಗ ಇವೆಲ್ಲಾ ನೋಡಿದ್ರೇನ್ರಿ? ಬಂದಾಗ ಏನೂ ಹೇಳಲೇ ಇಲ್ಲ ಮತ್ತ," ಎಂದಳು.

ಎದ್ದು ಸ್ನಾನಕ್ಕೆ ಹೋದೆ.

ಜೂನ್ 14, ಶನಿವಾರ

ಬೆಳಿಗ್ಗೆ ಮೇಡಂ ಅವರನ್ನು ಕೂರಿಸಿಕೊಂಡು ಹ್ಯೂಸ್ಟನ್‌ಗೆ ಡ್ರೈವ್ ಮಾಡಿದೆ. ಸಭಾಂಗಣ ತುಂಬಿತ್ತು. ಅರ್ಧ ಟರ್ಕಿಯವರು, ಉಳಿದವರು ಕಟ್ಟಡದ ಕಲಿಕೆಯವರು. ಮೇಡಂ ಕಾಗದವಿಲ್ಲದೆ ಒಂದು ಗಂಟೆ ಮಾತಾಡಿದರು. ನಾನು ಓದಿ ಹೇಳಿದ ಸಾಲುಗಳು ಅವರ ಬಾಯಲ್ಲಿ ಬರುವಾಗ ತುಟಿಯಲ್ಲೇ ನಾನೂ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ಅಂಗಳದ ವಿಷಯ ಬಂತು.

"ಹತ್ತು ಕಂಬಗಳ ಬಗ್ಗೆ ಇತ್ತೀಚೆಗೆ ಒಂದು ಸಂದೇಹ ಎದ್ದಿತ್ತು. ಒಳ್ಳೆಯ ಸಂದೇಹ, ನನ್ನ ಒಳ್ಳೆಯ ವಿದ್ಯಾರ್ಥಿಯದು. ಆದರೆ ಸುಣ್ಣ ತೆಗೆದ ಮೇಲೆ ಆ ಕಂಬಗಳನ್ನು ಕಲ್ಲು ಬಲ್ಲವರೊಬ್ಬರು ಹೋಗಿ ನೋಡಿ ಬಂದಿದ್ದಾರೆ. ಅವರು ಇಲ್ಲಿದ್ದಾರೆ. ಚಿದಾನಂದ್, ದಯವಿಟ್ಟು ಎದ್ದು ನಿಲ್ಲಿ. ಈಗ ನನ್ನ ಕಣ್ಣು ಇವರೇ."

ಎದ್ದು ನಿಂತೆ. ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ದಿಯಾ ಕೂತಿದ್ದಳು, ಅವಳು ಬರುವಳೆಂದು ನನಗೆ ಗೊತ್ತಿರಲಿಲ್ಲ. ಅವಳೂ ತಟ್ಟಿದಳು. ನಾನು ಕೈ ಮುಗಿದೆ. ಮುಗಿದ ಕೈ ಇಳಿಸಿ ಅಲ್ಲೇ ಹೇಳಿಬಿಡಬಹುದಿತ್ತು. ಮೈಕು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕೂತುಬಿಟ್ಟೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಮೇಡಂ ಖುಷಿಯಲ್ಲಿದ್ದರು. ಕಾರ್ಸಿಕಾನಾ ಊರು ದಾಟಿದ ಮೇಲೆ ನಿದ್ದೆಹೋದರು.

ಜೂನ್ 15, ಭಾನುವಾರ

ಏನೂ ಬರೆಯಲಾರೆ.

ಆಗಸ್ಟ್ 9, ಶನಿವಾರ

ದಿಯಾ ಪಿಎಚ್‌ಡಿ ಬಿಟ್ಟಳು. ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ಎನರ್ಜಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಭಾಸ್ಕರ ಫೋನ್ ಮಾಡಿ, "ಪಾರ್ಟಿ ನಿನಗೇ ಮೊದಲು," ಎಂದ.

ಫೋನ್ ಇಟ್ಟು ಊಟಕ್ಕೆ ಕೂತವನು ಎದ್ದುಬಿಟ್ಟೆ. ವಾಣಿಶ್ರೀ ಹಿಂದೆಯೇ ಬಂದಳು. ಗ್ಯಾರೇಜಿನಲ್ಲಿ ನಿಂತುಕೊಂಡೇ ಅವಳಿಗೆ ಎಲ್ಲ ಹೇಳಿದೆ. ಅವಳು ಬೈಯಬಹುದು ಎಂದುಕೊಂಡಿದ್ದೆ.

"ಮಳಿ ನಿಂತಿತ್ತಂದ್ರ ಯಾಕ ಹೋಗಲಿಲ್ರಿ?" ಎಂದು ಮಾತ್ರ ಕೇಳಿದಳು.

"ಹೋಗಿದ್ದೆ."

ಅದನ್ನು ಇಲ್ಲಿಯೂ ನಾನು ಬರೆದಿರಲಿಲ್ಲ. ಮಳೆ ನಿಂತ ಮೇಲೆ ಟ್ಯಾಕ್ಸಿ ಮಾಡಿಕೊಂಡು ಹೋಗಿದ್ದೆ. ಅಂಗಡಿಗಳ ನಡುವೆ ಮೆಟ್ಟಿಲ ಬುಡದಲ್ಲೇ ಡ್ರೈವರ್ ಇಳಿಸಿದ. ಮೇಲೆ ಅಂಗಳದ ಕಮಾನು ಕಾಣುತ್ತಿತ್ತು. ಪಕ್ಕದ ನಲ್ಲಿಗಳ ಸಾಲಿನಲ್ಲಿ ನಾಲ್ಕೈದು ಜನ ಕಾಲು ತೊಳೆಯುತ್ತಿದ್ದರು. ಅವರಲ್ಲೊಬ್ಬ ಮುದುಕ ನನ್ನನ್ನು ನೋಡಿ ನಕ್ಕು, ಸ್ವಲ್ಪ ಪಕ್ಕಕ್ಕೆ ಸರಿದು, "ಬುಯುರುನ್," ಎಂದ. ಬನ್ನಿ ಎಂದು ಅರ್ಥ, ಮೇಳದಲ್ಲಿ ದಿನಕ್ಕೆ ನೂರು ಸಲ ಕೇಳಿದ್ದೇನೆ. ನನ್ನ ತಲೆಯಲ್ಲಿ ಶ್ರೀಕಂಠಯ್ಯನವರ ನಗು ಬಂತು. ಒಳಗೆ ಹೋದರೆ ನೀನು ಯಾರು ಎಂದು ಇವರು ಕೇಳಿದರೆ? ಯಾರಾದರೂ ಫೋಟೋ ತೆಗೆದು ಅದು ಎಲ್ಲಿಗಾದರೂ ಮುಟ್ಟಿದರೆ? ನಾನು ದೇವಸ್ಥಾನದ ಕಮಿಟಿಯವನು, ಮಂಟಪಕ್ಕೆ ಕಲ್ಲು ಕೊಡುವವನು. ಆ ಮುದುಕನಿಗೆ ಹೋಟೆಲಿನ ಹೆಸರು ಹೇಳಿ, ದಾರಿ ತಪ್ಪಿದವನ ಹಾಗೆ ಕೈ ಮಾಡಿದೆ. ಪಾಪ, ಒದ್ದೆ ಕಾಲಲ್ಲೇ ರಸ್ತೆಯ ತಿರುವಿನವರೆಗೆ ಬಂದು ದಾರಿ ತೋರಿಸಿದ.

ವಾಣಿಶ್ರೀ ಕೇಳಿಸಿಕೊಂಡು, "ಇದನ್ನ ನನಗ ಹೇಳಿ ಏನಾಗಬೇಕ್ರಿ. ಆ ಹುಡುಗಿಗೆ ಹೇಳ್ರಿ," ಎಂದಳು.

ಸೆಪ್ಟೆಂಬ‌ರ್ 6, ಶನಿವಾರ

ಹೇಳಲು ಸುಮಾರು ಒಂದು ತಿಂಗಳು ತೆಗೆದುಕೊಂಡೆ. ಇವತ್ತು ದ ವುಡ್‌ಲ್ಯಾಂಡ್ಸ್‌ಗೆ ಹೋಗಿ ದಿಯಾಳನ್ನು ಕಾಲುವೆ ಪಕ್ಕದ ಕಾಫಿ ಅಂಗಡಿಗೆ ಕರೆದೆ. ಕಂಪನಿಯ ಹೆಸರಿರುವ ಟೀ ಶರ್ಟ್ ಹಾಕಿಕೊಂಡು ನಗುತ್ತ ಬಂದಳು. ಅವಳು ಕಾಫಿಗೆ ಸಕ್ಕರೆ ಹಾಕುವ ಮೊದಲೇ ಹೇಳಿದೆ. ತಡ ಮಾಡಿದರೆ ಮತ್ತೆ ಹೇಳಲಾರೆ ಎನಿಸಿತು.

"ಸೋ ನೀವು ಹೋಗೇ ಇಲ್ಲ," ಎಂದಳು.

"ಮೆಟ್ಟಲದ ತನಕ ಹೋಗಿದ್ದೆ."

"ದಟ್ಸ್ ನಾಟ್ ಗೋಯಿಂಗ್, ಅಂಕಲ್."

"ಅಲ್ಲ."

ಅವಳು ಕಾಲುವೆಯ ಕಡೆ ನೋಡುತ್ತ ಕೂತಳು. ಒಂದು ದೋಣಿ ಬಂದು ಜನರನ್ನು ಇಳಿಸಿ ಹೋಯಿತು.

"ನೀವು ಹೇಳಿದ ಮೇಲೆ ನಾನು ಎಲ್ಲಾ ಡ್ರಾಯಿಂಗ್ಸ್ ಮತ್ತೆ ಮೊದಲಿಂದ ನೋಡ್ದೆ. ಎವ್ರಿ ಟೈಮ್ ನನಗೆ ಎಂಟೇ ಕಾಣ್ತಿತ್ತು. ಐ ಥಾಟ್ ಸಮ್‌ಥಿಂಗ್ ವಾಸ್ ರಾಂಗ್ ವಿತ್ ಮಿ. ಬೇಕಾಗಿರೋದನ್ನೇ ನೋಡ್ತಿದ್ದೀನಿ ಅಂದ್ಕೊಂಡೆ. ನಾನು ಬಿಟ್ಟಿದ್ದು ಚಾಪ್ಟರ್ ಹೋಯ್ತು ಅಂತಲ್ಲ. ಅದಕ್ಕೆ."

"ತಪ್ಪಾತು ದಿಯಾ," ಎಂದೆ. ಅದು ಬಹಳ ಸಣ್ಣದಾಗಿ ಕೇಳಿಸಿತು.

"ಅಪ್ಪಂಗೆ ಗೊತ್ತಾ?"

"ಇಲ್ಲ. ಹೇಳತೀನಿ."

"ಬೇಡ. ಹಿ ಈಸ್ ಹ್ಯಾಪಿ." ಎದ್ದಳು. "ಮೇಡಂಗೆ ಹೇಳಿ ಫಸ್ಟ್."

ಕಾಫಿ ಹಾಗೇ ಇತ್ತು. ಅವಳು ಹೋದ ಮೇಲೆ ಮೇಜು ಒರೆಸುವ ಹುಡುಗಿ ಬಂದು ಇದನ್ನು ತೆಗೆಯಲೇ ಎಂದು ಕೇಳುವವರೆಗೆ ಕೂತಿದ್ದೆ.

ಸೆಪ್ಟೆಂಬರ್ 7, ಭಾನುವಾರ

ಮೇಡಂ ನಾನು ಹೇಳಿ ಮುಗಿಸುವವರೆಗೆ ಕದಲಲಿಲ್ಲ.

"ಇಷ್ಟು ಶನಿವಾರ ನನ್ನ ಪುಸ್ತಕ ಓದುವಾಗ ನಿಮಗೆ ಏನೂ ಅನಿಸಲಿಲ್ಲವೇ?"

"ಅನಿಸುತ್ತಿತ್ತು. ಅದಕ್ಕೇ ಬರುತ್ತಿದ್ದೆ."

"ಒಂದೇ ಕಲ್ಲು ಎಂದು ಏಕೆ ಹೇಳಿದಿರಿ? ಬೇರೆ ಬೇರೆ ಎಂದೂ ಹೇಳಬಹುದಿತ್ತು. ಎರಡೂ ಸುಳ್ಳೇ ಆಗುತ್ತಿದ್ದವು."

"ನಿಮಗೆ ಅದೇ ಬೇಕಿತ್ತು."

"ಹೌದು," ಎಂದರು. ಮತ್ತೊಮ್ಮೆ, "ಹೌದು, ನನಗೆ ಅದೇ ಬೇಕಿತ್ತು. ನಾನು ಕೇಳಿದ್ದೇ ಹಾಗೆ." ಆಮೇಲೆ ಬಾಗಿಲ ಕಡೆ ಕೈ ತೋರಿಸಿದರು. "ಈಗ ಹೋಗಿ. ಮುಂದಿನ ಶನಿವಾರ ಬರಬೇಡಿ."

ಸೆಪ್ಟೆಂಬರ್ 27, ಶನಿವಾರ

ಮೂರು ಶನಿವಾರಗಳಿಂದ ಮಧ್ಯಾಹ್ನಕ್ಕೆ ಏನು ಮಾಡುವುದೆಂದು ತಿಳಿಯುತ್ತಿಲ್ಲ. ಗೋದಾಮಿನಲ್ಲಿ ಕೂತು ಗೋಲಗುಮ್ಮಟದ ಕಮಾನುಗಳ ಬಗ್ಗೆ ಓದಿದೆ. ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಗುಮ್ಮಟದ ಭಾರವನ್ನು ಒಳಕ್ಕೆ ಎಳೆದು ಹಿಡಿದಿವೆ. ಯಾರಿಗೆ ಹೇಳುವುದು?

ಐದು ಗಂಟೆಗೆ ಫೋನು ಬಂತು. ಮೇಡಂ. ನಮಸ್ಕಾರವೂ ಇಲ್ಲದೆ, "ಅಕ್ಟೋಬರ್‌ನಲ್ಲಿ ಬಿಡುವಿದೆಯೇ? ನಾನು ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ಮೆಟ್ಟಿಲು ಹತ್ತಲು ಒಂದು ತೋಳು ಬೇಕು. ಕಣ್ಣು ಬೇಡ," ಎಂದರು.

ವಾಣಿಶ್ರೀ ಆಗಲೇ ಸೂಟ್‌ಕೇಸ್ ಇಳಿಸಿದ್ದಾಳೆ.

ಅಕ್ಟೋಬರ್ 21, ಮಂಗಳವಾರ, ಇಸ್ತಾಂಬುಲ್

ಇವತ್ತು ಮಧ್ಯಾಹ್ನ ಹೋದೆವು. ವಿಮಾನದಲ್ಲೂ ನಿನ್ನೆ ಹೋಟೆಲಿನಲ್ಲೂ ಮೇಡಂ ನನ್ನೊಂದಿಗೆ ಹೆಚ್ಚು ಮಾತಾಡಿರಲಿಲ್ಲ. ಬೇಕಾದಷ್ಟೇ. ನೀರು, ಔಷಧಿ, ಕೋಣೆಯ ಬೀಗ.

ಮೆಟ್ಟಿಲು ಕಡಿದಾಗಿವೆ, ನಡುವೆ ಸವೆದು ತಗ್ಗಾಗಿವೆ. ಅವರು ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ನಲ್ಲಿಗಳ ಹತ್ತಿರ ಕಾಲು ತೊಳೆಯುತ್ತಿದ್ದವರು ಅವರನ್ನು ಕಂಡು ದಾರಿ ಬಿಟ್ಟರು. ಒಬ್ಬ ನನಗೆ ಏನೋ ಹೇಳಿದ. ಮೇಡಂ ಅರ್ಥ ಹೇಳಿದರು. "ನಿಧಾನವಾಗಿ ಕರೆದುಕೊಂಡು ಹೋಗಪ್ಪ, ಮೇಲೆ ನೆಲ ಒದ್ದೆಯಿದೆ ಅನ್ನುತ್ತಿದ್ದಾನೆ." ನಾನು ಯಾರು ಎಂದು ಯಾರೂ ಕೇಳಲಿಲ್ಲ.

ಮೆಟ್ಟಿಲು ಮುಗಿದು ಅಂಗಳ ಒಮ್ಮೆಲೇ ತೆರೆದುಕೊಂಡಿತು. ಪುಸ್ತಕದಲ್ಲಿ ಅಷ್ಟು ಸಲ ಓದಿದ್ದರೂ ಇಷ್ಟು ಸಣ್ಣದಿರಬಹುದೆಂದು ಎಣಿಸಿರಲಿಲ್ಲ. ನಮ್ಮ ಗೋದಾಮಿನ ಅರ್ಧವೂ ಇಲ್ಲ. ಆದರೆ ಆ ಕಮಾನುಗಳ ಕೆಳಗೆ ನಿಂತರೆ ಕಡಿಮೆ ಎನಿಸುವುದಿಲ್ಲ, ಮನೆಯ ಪಡಸಾಲೆಯಲ್ಲಿ ನಿಂತ ಹಾಗೆ ಇರುತ್ತದೆ. ಆಚೆ ಸೀಸದ ಹೊದಿಕೆಯ ಗುಮ್ಮಟ, ಮೋಡದ ಬಣ್ಣದ್ದು.

"ನೀವು ಏನೂ ಹೇಳಬೇಡಿ," ಎಂದರು ಮೇಡಂ. "ಮೊದಲನೇ ಕಂಬದ ಹತ್ತಿರ ನಿಲ್ಲಿಸಿ."

ಅವರು ಕಂಬದ ಮೇಲೆ ಅಂಗೈ ಇಟ್ಟರು. ಆಮೇಲೆ ಬೆರಳ ತುದಿ. ಕೆನ್ನೆಯನ್ನೂ ಇಟ್ಟರು. ಎರಡನೆಯದಕ್ಕೆ ಹೋದೆವು, ಮೂರನೆಯದಕ್ಕೆ. ಪ್ರತಿಯೊಂದರ ಮುಂದೂ ಅವರು ಬಹಳ ಹೊತ್ತು ನಿಂತರು. ನಾನು ಕಂಬಗಳನ್ನು ನೋಡದೆ ನೆಲವನ್ನೇ ನೋಡುತ್ತ ನಡೆದೆ. ನನ್ನ ಮುಖದಿಂದಲೋ ತೋಳಿನಿಂದಲೋ ಅವರಿಗೆ ಏನೂ ಗೊತ್ತಾಗಬಾರದಿತ್ತು.

ಎಡಬದಿಯ ಮೊದಲ ಕಂಬ ಒಂಬತ್ತನೆಯದು. ಕೈ ಇಟ್ಟರು, ತೆಗೆದರು, ಮತ್ತೆ ಇಟ್ಟರು. "ಹಿಂದಕ್ಕೆ," ಎಂದರು. ಎಂಟನೆಯದಕ್ಕೆ ವಾಪಸ್ ಹೋದೆವು. ಮತ್ತೆ ಒಂಬತ್ತಕ್ಕೆ. ನಂತರ ಹತ್ತಕ್ಕೆ. ಮೂರು ಸಲ ಹೀಗಾಯಿತು. ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಮುದುಕರು ಮಾತು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

"ಈಗ ನೀವು ನೋಡಿ," ಎಂದರು.

ನಾನು ಕನ್ನಡಕ ತೆಗೆದು ಕಣ್ಣನ್ನು ಕಲ್ಲಿಗೆ ಹಚ್ಚಿದೆ. ಎಂಟನೆಯದರಲ್ಲಿ ಹರಳು ದಪ್ಪ, ಬೆರಳಿಗೆ ರವೆಯ ಹಾಗೆ ಸಿಗುತ್ತದೆ. ಮರ್ಮರಾ, ಸಂಶಯವಿಲ್ಲ. ಒಂಬತ್ತು ಮತ್ತು ಹತ್ತು ಮೈದಾ ಹಿಟ್ಟಿನ ಹಾಗೆ ನುಣ್ಣಗಿವೆ.

"ಈ ಎರಡು ಮರ್ಮರಾ ಅಲ್ಲ," ಎಂದೆ. "ಅಫ್ಯೋನ್ ಇರಬಹುದು. ಅದನ್ನು ಖಚಿತವಾಗಿ ಹೇಳಲಾರೆ. ಆದರೆ ಉಳಿದ ಎಂಟರ ಕಲ್ಲು ಇದಲ್ಲ."

"ಗೊತ್ತು," ಎಂದರು.

ಅವರನ್ನು ಕಾರಂಜಿಯ ಕಟ್ಟೆಗೆ ಕರೆತಂದೆ. ಮುದುಕರು ಎದ್ದು ಜಾಗ ಬಿಟ್ಟರು. ಎಡಗಡೆಯ ಗೋಡೆಯಾಚೆ ಓಣಿಯಲ್ಲಿ ಹೆಂಗಸೊಬ್ಬಳು ಮಗುವನ್ನು ಗದರುತ್ತಿದ್ದಳು. ಮೇಡಂ ಆ ಸದ್ದಿನ ಕಡೆಗೆ ಮುಖ ಮಾಡಿ ಕೂತರು.

"ಮೂವತ್ತನೆಯ ವಯಸ್ಸಿನಲ್ಲಿ ಇದೇ ಕಟ್ಟೆಯ ಮೇಲೆ ಕೂತು ನಕ್ಷೆ ಬರೆದೆ. ಈ ಓಣಿಯ ಸದ್ದು ಅವತ್ತೂ ಹೀಗೇ ಕೇಳುತ್ತಿತ್ತು. ಬಾಗಿಲು ಹಾಕಿಸಿ ಎಂದು ಕಾವಲುಗಾರನಿಗೆ ಹೇಳಿದ್ದೆ, ಗಲಾಟೆ ಎಂದು." ಆಮೇಲೆ ನನ್ನ ಕಡೆ ತಿರುಗಿದರು. "ಟೆಕ್ಸಸ್‌ನಲ್ಲಿ ಈಗ ಗಂಟೆ ಎಷ್ಟು?"

"ಬೆಳಿಗ್ಗೆ ಒಂಬತ್ತು."

"ಅವಳಿಗೆ ಫೋನ್ ಮಾಡಿ."

ದಿಯಾ ಆಫೀಸಿನಲ್ಲಿದ್ದಳು. ಫೋನನ್ನು ಮೇಡಂ ಕೈಗೆ ಕೊಟ್ಟು ಸ್ಪೀಕರ್ ಹಾಕಿದೆ. ಮೇಡಂ ಮುನ್ನುಡಿಯಿಲ್ಲದೆ ಹೇಳಿದರು. "ನಾನು ಅಂಗಳದಲ್ಲಿದ್ದೇನೆ. ನನ್ನ ಕೈಯಿಂದಲೇ ಮುಟ್ಟಿ ನೋಡಿದೆ. ನೀನು ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು. ಎಂಟು."

ಆ ಕಡೆ ಯಾರೋ ನಗುತ್ತ ಮಾತಾಡುವ ಸದ್ದು, ಆಮೇಲೆ ಬಾಗಿಲು ಮುಚ್ಚಿದ ಸದ್ದು.

"ಕ್ಯಾನ್ ಯು ಸೇ ಇಟ್ ಅಗೇನ್?" ಎಂದಳು ದಿಯಾ.

ಮೇಡಂ ಇನ್ನೊಮ್ಮೆ ಹೇಳಿದರು. ಈ ಸಲ ನಿಧಾನವಾಗಿ, ಪಾಠ ಹೇಳುವ ಹಾಗೆ. ನನ್ನ ತಪ್ಪನ್ನು ನಾನೇ ಬರೆದು ಪ್ರಕಟಿಸುತ್ತೇನೆ, ನಿನ್ನ ಹೆಸರಿನೊಂದಿಗೆ ಎಂದರು. ನೀನು ವಾಪಸ್ ಬರುತ್ತೀಯೋ ಇಲ್ಲವೋ ಅದು ಬೇರೆ ಎಂದರು. ಅವಳು ಅಳುತ್ತಿದ್ದಳೋ ಏನೋ ತಿಳಿಯಲಿಲ್ಲ.

"ಅಂಕಲ್ ಇದ್ದಾರಾ?"

ಫೋನು ತೆಗೆದುಕೊಂಡೆ. ದ ವುಡ್‌ಲ್ಯಾಂಡ್ಸ್‌ನಲ್ಲಿ ಎದ್ದು ಹೋದ ಮೇಲೆ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ.

"ಆ ಎರಡು ಕಂಬದ ಮಧ್ಯೆ ನೆಲ ನೋಡಿ. ಮೊದಲು ಆ ಸೈಡ್ ಓಪನ್ ಆಗಿದ್ರೆ ಅಲ್ಲಿ ಹೊಸ್ತಿಲ ಕಲ್ಲು ಇರಬೇಕು. ತುಳಿದು ತುಳಿದು ಸವೆದಿರಬೇಕು."

ಹೋಗಿ ಮೊಣಕಾಲೂರಿದೆ. ಕಲ್ಲು ತಣ್ಣಗಿತ್ತು, ಒದ್ದೆಯಿತ್ತು. ಪ್ಯಾಂಟು ನೆನೆಯಿತು. ಅಂಗೈಯಿಂದ ನೀರು ಸರಿಸಿ ಸವರಿದೆ. ಹೊಸ್ತಿಲು ಇದೆ ಎಂದರೆ ಅವಳಿಗೆ ಎಷ್ಟು ಸಂತೋಷವಾಗಬಹುದೆಂದು ನನಗೆ ಗೊತ್ತಿತ್ತು.

"ಕಾಣಸವಲ್ದು ದಿಯಾ," ಎಂದೆ. "ಇಲ್ಲೆ ದುರಸ್ತಿ ಮಾಡಿದವರು ಗಾರಿ ಹಾಕಿ ಮುಚ್ಚಿಬಿಟ್ಟಾರ. ಕೆಳಗ ಹೊಸ್ತಿಲ ಇದ್ದೀತು, ಇರಲಿಕ್ಕೂ ಇಲ್ಲ. ನನಗ ಗೊತ್ತಿಲ್ಲ."

ಆ ಕಡೆ ಕೀಲಿಗಳನ್ನು ಒತ್ತುವ ಸದ್ದು ಕೇಳಿಸಿತು. ಅವಳು ಬರೆದುಕೊಳ್ಳುತ್ತಿದ್ದಳು.

"ಓಕೆ," ಎಂದಳು. "ಸ್ವಲ್ಪ ಬಲಗಡೆ? ಗಾರೆ ಎಲ್ಲಿ ಮುಗಿಯತ್ತೆ, ಅಲ್ಲಿ ನೋಡಿ."

ನಾನು ಮೊಣಕಾಲ ಮೇಲೆಯೇ ಬಲಕ್ಕೆ ಸರಿದೆ.